ಸೆಟ್ ಲಂಚ್ ಅಂದ್ರೆ ದುಂದುವೆಚ್ಚವೇ?

‘ಅಯ್ಯೋ, ಸ್ಟಾರ್ ಹೋಟೆಲ್ ಊಟಾನಾ? ಅದೆಲ್ಲ ನಮ್ಮಂಥವರಿಗಲ್ಲ ಬಿಡಿ’ ಅಂತ ನೀವೂ ಎಂದಾದರೂ ಹೇಳಿರಬಹುದು. ‘ವಾರದ ದಿನಗಳಲ್ಲಿ ಮಾತ್ರ, ಸೂಪಿನಿಂದ ಸ್ವೀಟಿನವರೆಗೆ ಮಧ್ಯಾಹ್ನದ ಊಟ, ಕೇವಲ 1,000 ರೂಪಾಯಿ’ ಎಂಬ ಜಾಹೀರಾತು ಕಣ್ಣಿಗೆ ಬಿದ್ದಾಗ ಒಂದು ಕ್ಷಣ ಆಸೆಪಟ್ಟು, ಅಷ್ಟು ದುಡ್ಡಿಗೆ ಎಷ್ಟು ದಿನದ ತರಕಾರಿ ಬರುತ್ತದೆ ಎಂದು ಲೆಕ್ಕ ಹಾಕಿ ಸುಮ್ಮನಾಗಿರಲೂಬಹುದು. ನಾನೂ ಹಾಗೇ ಇದ್ದೆ.

ಹೋದ ವರ್ಷ ಅಪಾರ್ಟ್‌ಮೆಂಟಿನ ಇಬ್ಬರು ಗೆಳತಿಯರ ಜತೆ ಧೈರ್ಯ ಮಾಡಿ ಬೆಂಗಳೂರಿನ ಒಂದು ದೊಡ್ಡ ಹೋಟೆಲಿಗೆ ಹೋದೆ. ತಲಾ 1,200 ರೂಪಾಯಿ ಇಟ್ಟುಕೊಂಡಿದ್ದೆವು. ಕೂತ ಕೂಡಲೇ ವೇಟರ್ ‘ವಾಟರ್, ಮ್ಯಾಡಮ್?’ ಎಂದಾಗ ತಲೆಯಾಡಿಸಿದ್ದೇ ತಪ್ಪಾಯ್ತು. 250 ರೂಪಾಯಿಯ ಎರಡು ಬಾಟಲಿ ಬಂದವು. ಊಟವೇನೋ ಬಹಳ ಚೆನ್ನಾಗಿತ್ತು. ಆದರೆ ಬಿಲ್ಲು? ಊಟಕ್ಕೆ 3,000, ನೀರಿಗೆ 500, ಸರ್ವಿಸ್ ಚಾರ್ಜ್ 350, ಇಷ್ಟರ ಮೇಲೆ ಶೇ 18 ಜಿಎಸ್‌ಟಿ 693. ಒಟ್ಟು 4,543!

ನಮ್ಮ ಮೂವರ ಪರ್ಸಿನಲ್ಲಿ ಇದ್ದದ್ದು 3,600. ಉಳಿದ 943 ರೂಪಾಯಿಯನ್ನು ನಾನು ಮೊಬೈಲಿನಿಂದ ಕಟ್ಟಿದೆ. ನಮ್ಮದು ಜಾಯಿಂಟ್ ಅಕೌಂಟು, ಮೆಸೇಜು ಯಜಮಾನರ ಫೋನಿಗೂ ಹೋಯಿತು. ಸಂಜೆ ಬಂದವರು ‘ಏನದು 943?’ ಅಂತ ಸುಮ್ಮನೆ ಕೇಳಿದರು. ‘ದಿನಸಿ’ ಎಂದುಬಿಟ್ಟೆ.

ಬಿಲ್ಲಿಗಿಂತ ಆ ಸುಳ್ಳೇ ನನ್ನನ್ನು ಹೆಚ್ಚು ಚುಚ್ಚಿತು. ಅವರು ಆಫೀಸಿನವರ ಜತೆ ಹೊರಗೆ ಊಟ ಮಾಡಿದ್ದನ್ನು ಯಾವತ್ತೂ ಮುಚ್ಚಿಟ್ಟಿಲ್ಲ, ನಾನೂ ಲೆಕ್ಕ ಕೇಳಿಲ್ಲ. ಮತ್ತೆ ನಾನೇಕೆ ಮುಚ್ಚಿಟ್ಟೆ? ಯಾರೂ ಬೈದಿರಲಿಲ್ಲ. ನನ್ನ ಖುಷಿಗೆ ಖರ್ಚು ಮಾಡುವುದೇ ತಪ್ಪು ಅಂತ ನಾನೇ ತೀರ್ಪು ಕೊಟ್ಟುಕೊಂಡಿದ್ದೆ. ನಮ್ಮಲ್ಲಿ ಎಷ್ಟೋ ಜನರ ಕತೆ ಇದೇ ಅಲ್ಲವೇ?

ಹಾಗಂತ ಹೋಟೆಲಿನವರು ನಮಗೆ ದಾನ ಮಾಡುತ್ತಿದ್ದಾರೆ ಎಂದೇನೂ ತಿಳಿಯಬೇಡಿ. ಇಂಥ ಕಡೆ ಜನ ಸೇರುವುದು ರಾತ್ರಿ ಮತ್ತು ಶನಿವಾರ, ಭಾನುವಾರ. ವಾರದ ಮಧ್ಯಾಹ್ನ ಮೇಜುಗಳು ಖಾಲಿ. ಆದರೂ ಬಾಡಿಗೆ, ಅಡುಗೆಯವರ ಸಂಬಳ, ಎ.ಸಿ. ಖರ್ಚು ತಪ್ಪುವುದಿಲ್ಲ. ಕೆಲವೇ ಐಟಂ ಇಟ್ಟರೆ ಸಾಮಾನೂ ಹಾಳಾಗುವುದಿಲ್ಲ. ಮೇಲಿಂದ ಜ್ಯೂಸು, ನೀರು ಅಂತ ನಾವು ತೆರುವುದು ಬೇರೆ. ಅವರಿಗೆ ಖಾಲಿ ಇರುವ ಹೊತ್ತು ನಮಗೆ ಬಿಡುವಿನ ಹೊತ್ತು. ಇದು ನ್ಯಾಯವಾದ ವ್ಯಾಪಾರವೇ. ನಾವು ಕಣ್ಣು ಬಿಟ್ಟುಕೊಂಡು ಹೋಗಬೇಕು, ಅಷ್ಟೇ.

ಹೋಗುವ ಮುನ್ನ ಇಷ್ಟು ಗಮನಿಸಿ:

* ‘ಟ್ಯಾಕ್ಸ್ ಸೇರಿ ಒಬ್ಬರಿಗೆ ಎಷ್ಟು?’ ಎಂದು ಫೋನಿನಲ್ಲೇ ಕೇಳಿ. ದಿನಕ್ಕೆ 7,500 ರೂಪಾಯಿಗಿಂತ ದುಬಾರಿ ಕೋಣೆಗಳಿರುವ ಹೋಟೆಲಿನೊಳಗಿನ ರೆಸ್ಟೋರೆಂಟಿನಲ್ಲಿ ಜಿಎಸ್‌ಟಿ ಶೇ 18. ಹೊರಗಿನ ರೆಸ್ಟೋರೆಂಟುಗಳಲ್ಲಿ ಸಾಮಾನ್ಯವಾಗಿ ಶೇ 5. ಅಂದರೆ 1,000 ರೂಪಾಯಿಯ ಊಟ ಒಂದು ಕಡೆ 1,180, ಇನ್ನೊಂದು ಕಡೆ 1,050.

* ಸರ್ವಿಸ್ ಚಾರ್ಜ್ ತೆರಿಗೆಯಲ್ಲ. ಅದನ್ನು ಬಿಲ್ಲಿಗೆ ತಾವಾಗಿಯೇ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ‘ತೆಗೆದುಹಾಕಿ’ ಎಂದು ನಗುತ್ತಲೇ ಹೇಳಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

* ಬಾಟಲಿ ತೆರೆಯುವ ಮುಂಚೆಯೇ ‘ಮಾಮೂಲಿ ನೀರು ಸಾಕು’ ಎನ್ನಿ. ಇದರಲ್ಲಿ ನಾಚಿಕೆ ಏನೂ ಇಲ್ಲ.

ಎರಡನೇ ಸಲ ನಾನು ಕರೆದುಕೊಂಡು ಹೋದದ್ದು ಅತ್ತೆಯನ್ನು. ವಾರಕ್ಕೆ ನೂರರಂತೆ ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟಿದ್ದೆ. ಹೊರಡುವ ಮೊದಲೇ ಯಜಮಾನರಿಗೆ ಹೇಳಿದೆ. ಆ ‘ದಿನಸಿ’ಯ ಕತೆಯನ್ನೂ ಹೇಳಿಕೊಂಡೆ. ‘ಅದಕ್ಕೆ ಸುಳ್ಳು ಯಾಕೆ ಮಾರಾಯ್ತಿ?’ ಎಂದು ನಕ್ಕರು.

ಅತ್ತೆ ಫೋರ್ಕು ಪಕ್ಕಕ್ಕಿಟ್ಟು ಕೈಯಲ್ಲೇ ಊಟ ಮಾಡಿದರು. ಯಾರೂ ಹುಬ್ಬೇರಿಸಲಿಲ್ಲ. ಮೂರು ಸಲ ‘ಏನಾದ್ರೂ ತಂದುಕೊಡ್ಲಾ?’ ಎಂದು ನನ್ನ ಕಡೆ ನೋಡಿ ಏಳಲು ಹೋದರು, ಪಾಪ, ಅಭ್ಯಾಸಬಲ! ಕೊನೆಗೆ ನೆಮ್ಮದಿಯಾಗಿ ಕೂತು, ‘ಬಿಸಿ ಆರೋ ಮುಂಚೆ ಊಟ ಮಾಡಿ ಎಷ್ಟು ವರ್ಷ ಆಯ್ತೋ ಕಣೇ’ ಎಂದರು. ಆ ಊಟದ ರುಚಿ ನನಗೆ ಅಷ್ಟಾಗಿ ನೆನಪಿಲ್ಲ, ಆ ಮಾತು ಮಾತ್ರ ನೆನಪಿದೆ.

ತಿಂಗಳು ತಿಂಗಳು ಹೋಗಿ ಅಂತ ನಾನು ಹೇಳುವುದಿಲ್ಲ. ಮನೆಯ ಪರಿಸ್ಥಿತಿ ನೋಡಿಕೊಂಡು ವರ್ಷಕ್ಕೆ ಒಂದೋ ಎರಡೋ ಸಲ, ಇಷ್ಟದವರ ಜತೆ ಹೋಗಿಬನ್ನಿ. ದಿನಕ್ಕೆ ಮೂರು ಹೊತ್ತು ಬಡಿಸುವ ಕೈಗೆ ಒಂದು ಮಧ್ಯಾಹ್ನ ಬೇರೆಯವರು ಬಡಿಸಿದರೆ ಮನೆ ಮುಳುಗಿಹೋಗುವುದಿಲ್ಲ. ಲೆಕ್ಕ ಪಕ್ಕಾ ಇರಲಿ. ಮನೆಯವರು ಕೇಳಿದರೆ ‘ಊಟಕ್ಕೆ ಹೋಗಿದ್ದೆ’ ಎಂದೇ ಹೇಳಿ, ‘ದಿನಸಿ’ ಅಂತ ಮಾತ್ರ ಹೇಳಬೇಡಿ!