ಆ ಮೋಡ ನಮ್ಮೂರಿನದಲ್ಲ

ಹೋದ ವರ್ಷ ನಮ್ಮ ಅಪಾರ್ಟ್‌ಮೆಂಟಿನ ಫೋಟೋ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂದಿದ್ದು ಒಂದು ಸೂರ್ಯಾಸ್ತಕ್ಕೆ. ಪಕ್ಕದ ಕೆರೆ, ಏರಿ ಮೇಲೆ ಹೊಂಗೆಮರ, ಮೇಲೆ ಬೆಂಕಿ ಹತ್ತಿಕೊಂಡಂಥ ಆಕಾಶ. ಎಲ್ಲರೂ ವ್ಹಾವ್ ಅಂದರು. ನಾನು ಮಾತ್ರ ಹೊಂಗೆಮರದ ನೆರಳನ್ನೇ ನೋಡ್ತಾ ಕೂತೆ. ಸೂರ್ಯ ಎದುರಿಗಿದ್ದರೆ ನೆರಳು ನಮ್ಮ ಕಡೆ ಬೀಳಬೇಕು ತಾನೆ? ಇದು ಸೂರ್ಯನ ಕಡೆಗೇ ಓಡ್ತಿತ್ತು. ಕೆರೆ ನೀರಲ್ಲಿ ಇನ್ನೂ ಬಿಳಿಚಿದ ಹಗಲಿನ ಆಕಾಶವೇ ಇತ್ತು, ಪಾಪ, ಅದನ್ನು ಬದಲಾಯಿಸೋದು ಮರೆತಿದ್ದರು.

ಆಕಾಶ ಬದಲಿಸೋದು ಈಗ ಒಂದು ಬಟನ್ ಕೆಲಸ. 2020ರಲ್ಲಿ ಫೋಟೋಶಾಪ್‌ಗೇ ಬಂತು, ಈಗ ಬಿಟ್ಟಿ ಆಪ್‌ಗಳಲ್ಲೂ ಇದೆ. ಇದರಲ್ಲಿ ತಪ್ಪೇನು ಅಂತೀರಾ? ನಾನೂ ಹಾಗೇ ಅಂದ್ಕೊಂಡಿದ್ದೆ.

ಒಂದು ಜುಲೈನಲ್ಲಿ ಅರಸೀಕೆರೆ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಪುನರ್ವಸು ಮಳೆ ಕೈಕೊಟ್ಟಿತ್ತು. ಹೊಲದ ಫೋಟೋ ತೆಗೆದೆ. ಆಕಾಶ ಸಪ್ಪೆಯಾಗಿತ್ತು. ಆಪ್‌ನಲ್ಲಿ ಕಪ್ಪು ಮೋಡ ಹಾಕಿ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಬಿಟ್ಟೆ. ಹತ್ತೇ ನಿಮಿಷಕ್ಕೆ ತಿಪಟೂರು ಕಡೆಯ ಸೋದರಮಾವನ ಫೋನ್. "ಏನ್ಲಾ, ನಿಮ್ ಕಡೆ ಒಳ್ಳೆ ಮೋಡ ಕಟ್ಟೈತಲ್ಲ! ಪಡುವಲ ಗಾಳಿ ಬೀಸ್ತೈತೆ, ಸಂಜಿಕೆ ನಮ್ ಕಡೀಗೂ ಬರ್ಬೋದು. ರಾಗಿ ಬಿತ್ತಾಕೆ ಕೂರಿಗೆ ರೆಡಿ ಮಾಡ್ಕಂಡು ಕುಂತಿವ್ನಿ." ಮುಂಗಾರಿನ ಗಾಳಿ ಪಶ್ಚಿಮದಿಂದ ಬರುತ್ತೆ, ತಿಪಟೂರು ನಮಗೆ ಪೂರ್ವಕ್ಕಿದೆ. ಮಾವನ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ.

"ಇಲ್ಲ ಮಾವ, ಅದು ಆಪ್‌ನಲ್ಲಿ ಹಾಕಿದ್ದು" ಅಂದೆ.

"ಏನು, ಮೋಡಾನಾ?" ಅಂದರು. ಆಮೇಲೆ ಬೈಯಲಿಲ್ಲ, ನಗಲಿಲ್ಲ. ಅಮ್ಮನಿಗೆ ಫೋನ್ ಕೊಡು ಅಂದರು.

'ಫೋಟೋಗ್ರಫಿ ಅಂದರೇನೇ ಸುಳ್ಳು ಗುರು, ಹಿಂದೆ ಡಾರ್ಕ್‌ರೂಮಲ್ಲೂ ಇದನ್ನೇ ಮಾಡ್ತಿದ್ರು' ಅನ್ನೋ ವಾದ ಗೊತ್ತು. ಮಾಡ್ತಿದ್ದರು. 1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಒಂದೇ ಚಿತ್ರ ಮಾಡುತ್ತಿದ್ದ. ಆಗಿನ ಗಾಜಿನ ಪ್ಲೇಟು ನೀಲಿ ಬೆಳಕಿಗೆ ವಿಪರೀತ ಸ್ಪಂದಿಸಿ ಆಕಾಶವನ್ನು ಬರೀ ಬಿಳಿ ಮಾಡಿಬಿಡುತ್ತಿತ್ತು, ಬೇರೆ ದಾರಿ ಇರಲಿಲ್ಲ. ಆದರೂ ಆ ಆಕಾಶವನ್ನು ಅವನೇ ನಿಂತು ತೆಗೆದಿರುತ್ತಿದ್ದ. ನಿಮ್ಮ ಜೇಬಿನ ಫೋನು ಕ್ಷಣದಲ್ಲಿ ನಾಲ್ಕಾರು ಫ್ರೇಮ್ ಸೇರಿಸಿ ನೆಲ, ಆಕಾಶ ಎರಡನ್ನೂ ಹಿಡಿಯುತ್ತೆ. ನಿಮಗೆ ಲ ಗ್ರೇಯ ಕಷ್ಟ ಎಲ್ಲಿದೆ?

ಕಷ್ಟ ಬೇರೆ ಕಡೆ ಇದೆ. ನಮ್ಮ ಆಕಾಶ ಹೀಗಿರಬಾರದು ಅಂತ ನಮಗೆ ಯಾರೋ ಹೇಳಿಕೊಟ್ಟಿದ್ದಾರೆ. ಯೂಟ್ಯೂಬ್ ಗುರುಗಳ 'ಗೋಲ್ಡನ್ ಅವರ್' ಕೇಳಿ ವಾರಾಂತ್ಯ ಬೆಳಗಿನ ಮೂರಕ್ಕೆದ್ದು ನಂದಿಬೆಟ್ಟದ ಟ್ರಾಫಿಕ್‌ನಲ್ಲಿ ನಿಲ್ತೀವಿ. ಯುರೋಪಿನಲ್ಲಿ ಸೂರ್ಯ ಓರೆಯಾಗಿ ಇಳಿಯೋದರಿಂದ ಅಲ್ಲಿ ಹೊನ್ನಿನ ಬೆಳಕು ತುಂಬ ಹೊತ್ತು ನಿಲ್ಲುತ್ತೆ. ಬೆಂಗಳೂರು ಇರೋದು 13 ಡಿಗ್ರಿ ಅಕ್ಷಾಂಶದಲ್ಲಿ, ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳೀತಾನೆ. ಅರ್ಧ ಗಂಟೆ ಸಿಕ್ಕರೆ ಪುಣ್ಯ. ಏಪ್ರಿಲ್ 24, ಆಗಸ್ಟ್ 18ರ ಆಸುಪಾಸು ನಡುಹಗಲಲ್ಲಿ ನೆತ್ತಿ ಮೇಲೇ ಬಂದು ಕಂಬಕ್ಕೆ ನೆರಳೇ ಇಲ್ಲದ ಹಾಗೆ ಮಾಡ್ತಾನೆ. ಅದೂ ನಮ್ಮ ಬೆಳಕೇ. ಅದನ್ನು ಯಾರು ತೆಗೆದಿದ್ದೀರಿ?

ಮೇ ತಿಂಗಳ ಮಧ್ಯಾಹ್ನ ಟೆರೇಸ್ ಹತ್ತಿ. ಹೂಕೋಸಿನ ಹಾಗೆ ಉಬ್ಬುವ ಮೋಡ ಸಂಜೆಯೊಳಗೆ ತಲೆ ಚಪ್ಪಟೆಯಾಗಿ ಹರಡಿ, ಗುಡುಗಿ, ಸುರಿದು ಹೋಗುತ್ತೆ. ಮಳೆ ಧೂಳು ತೊಳೆದಿರೋದರಿಂದ ದೂರದ ನೀರಿನ ಟ್ಯಾಂಕುಗಳೂ ಕತ್ತರಿಸಿಟ್ಟ ಹಾಗೆ ಕಾಣ್ತವೆ. ಪಶ್ಚಿಮ ಸ್ವಲ್ಪ ತೆರೆದುಕೊಂಡರೆ ಎಲ್ಲರೂ ಸೂರ್ಯನಿಗೆ ಫೋನು ಹಿಡೀತಾರೆ. ನೀವು ಬೆನ್ನು ತಿರುಗಿಸಿ. ಪೂರ್ವದಲ್ಲಿ ಓಡಿಹೋಗುತ್ತಿರುವ ಕಪ್ಪು ಮೋಡದ ಮುಂದೆ ಹಳದಿ ಬಿಲ್ಡಿಂಗ್‌ಗಳು, ಅದೃಷ್ಟವಿದ್ದರೆ ಕಾಮನಬಿಲ್ಲು. ಪರದೆ ಮೇಲೆ ಮೋಡವನ್ನು ಮುಟ್ಟಿ, ಬೆಳಕಿನ ಗೆರೆ ಸ್ವಲ್ಪ ಕೆಳಗೆಳೆಯಿರಿ. ಅಷ್ಟೇ ತಂತ್ರ. ಜೂನ್ ಜುಲೈನ ಬೂದು ಆಕಾಶದ ಬಗ್ಗೆ ಗೊಣಗಬೇಡಿ, ನೆರಳಿಲ್ಲದ ಆ ಬೆಳಕಲ್ಲೇ ಎಲೆಯ ಹಸಿರು, ಹಳೇ ಗೋಡೆಯ ಬಣ್ಣ ಸರಿಯಾಗಿ ಬರೋದು.

ಕಾಂಟ್ರಾಸ್ಟ್ ಹೆಚ್ಚು ಮಾಡಿ, ಕಪ್ಪು ಬಿಳುಪು ಮಾಡಿ, ನನ್ನ ತಕರಾರಿಲ್ಲ. ಇಲ್ಲದ ಮೋಡ ತರಬೇಡಿ. ಮಳೆ ತಡವಾದ ವರ್ಷ ಹೇಗಿತ್ತು ಅಂತ ಮುಂದೆ ಯಾರಾದರೂ ನಮ್ಮ ಫೋಟೋ ತೆಗೆದು ನೋಡಿದರೆ, ಪ್ರತಿದಿನವೂ ಒಂದೇ ಕಿತ್ತಳೆ ಸಂಜೆ ಸಿಗಬಾರದು.

ಈ ವರ್ಷದ ಸ್ಪರ್ಧೆಯ ಸುತ್ತೋಲೆ ನಿನ್ನೆ ಬಂತು. ಪ್ರತಿ ಚಿತ್ರದ ಕೆಳಗೆ ತಾರೀಖು, ಗಂಟೆ, ಯಾವ ದಿಕ್ಕಿಗೆ ನಿಂತು ತೆಗೆದದ್ದು ಅಂತ ಬರೆಯೋದು ಕಡ್ಡಾಯ ಮಾಡಿ ಅಂತ ಅಸೋಸಿಯೇಷನ್‌ಗೆ ಮೇಲ್ ಹಾಕಿದ್ದೀನಿ. ಉತ್ತರ ಬಂದಿಲ್ಲ. ಬಹುಮಾನ ಗೆದ್ದವರು ಲಿಫ್ಟಿನಲ್ಲಿ ಸಿಕ್ಕರೂ ಈಗ ಮಾತಾಡ್ಸಲ್ಲ.