ಪ್ಲಗ್ ಎಸೆಯೋ ಮುಂಚೆ ಓದ್ರಿ!

ತೋಟದ ಹಳೇ ವೀಡ್ ಕಟರ್ ಸ್ಟಾರ್ಟ್ ಆಗ್ಲಿಲ್ಲ ಅಂತ ಮೂರು ಥರ ಪ್ಲಗ್ ಹಾಕಿ ನೋಡ್ದೆ, ಇರಿಡಿಯಮ್ಮೂ ಸೇರಿ. ದುಡ್ಡು ಹೋಯ್ತು. ಕೊನೆಗೆ ನೋಡಿದ್ರೆ ಏರ್ ಫಿಲ್ಟರ್ ತುಂಬ ಧೂಳು!

ಫ್ರೆಂಡ್ಸ್, ಪ್ಲಗ್ ಔಷಧಿ ಅಲ್ಲ, ಇಂಜಿನ್ನಿನ ಬ್ಯಾಲೆನ್ಸ್ ಶೀಟ್. ಬಿಚ್ಚಿ ತುದಿ ನೋಡಿ.

ತಿಳಿ ಕಂದು: ಎಲ್ಲ ಸರಿ.
ಒಣ ಕಪ್ಪು ಮಸಿ: ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ. ಮೊದಲು ಫಿಲ್ಟರ್ ನೋಡಿ.
ಕಪ್ಪು ಜಿಡ್ಡು: ಆಯಿಲ್ ಜಾಸ್ತಿ ಬೆರೆಸಿರಬಹುದು.
ಬಿಳಿ: ಅತಿಯಾಗಿ ಕಾಯ್ತಿದೆ. ಓಡಿಸಬೇಡಿ, ಪಿಸ್ಟನ್ ಹಿಡ್ಕೊಳ್ಳುತ್ತೆ.

ಇನ್ನೊಂದು ಮಾತು: ಬೇರೆ ಕಂಪನಿ ಪ್ಲಗ್ ತಗೊಳ್ಳುವಾಗ ಬರೀ ನಂಬರ್ ನಂಬಬೇಡಿ. ಎನ್‌ಜಿಕೆಯಲ್ಲಿ ನಂಬರ್ ದೊಡ್ಡದಾದಷ್ಟೂ ಕೋಲ್ಡ್ ಪ್ಲಗ್, ಬಾಷ್‌ನಲ್ಲಿ ಪೂರ್ತಿ ಉಲ್ಟಾ. ಮಷೀನ್ ಜೊತೆ ಬಂದ ಪುಸ್ತಕದಲ್ಲಿರೋ ಪ್ಲಗ್ಗೇ ಸಾಕು.

ನಿಮ್ಮ ಪ್ಲಗ್ ಯಾವ ಬಣ್ಣ? ಫೋಟೋ ಕಳ್ಸಿ.