ತರಗತಿಯಲ್ಲಿ ಅಹಿಂಸಾಣುವ್ರತ

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನನೀರು ತಡೆಯುವುದು. ಇವು ಪಶುಗಳನ್ನು ಸಾಕುವವರಿಗೆ ಹೇಳಿದ ಮಾತುಗಳೆಂದೇ ನಾನು ಬಹುಕಾಲ ಭಾವಿಸಿದ್ದೆ.

ಅಧ್ಯಾಪಕನಾಗಿದ್ದಾಗ ಒಂದು ದಿನ, ಮನೆಗೆಲಸ ಬರೆದು ತರದ ಬಾಲಕನೊಬ್ಬನನ್ನು ಊಟದ ವೇಳೆಯಲ್ಲಿ ತರಗತಿಯಲ್ಲೇ ಕೂರಿಸಿದೆ. ಅವನು ಬೆಳಗ್ಗೆಯಿಂದ ಏನನ್ನೂ ತಿಂದಿರಲಿಲ್ಲವೆಂದು ತಿಳಿದದ್ದು ಸಂಜೆ. ಬೆತ್ತ ಮುಟ್ಟದ ನಾನು ಅಹಿಂಸಕನೆಂದು ನಂಬಿದ್ದೆ. ಅಂದು ಪ್ರತಿಕ್ರಮಣಕ್ಕೆ ಕುಳಿತಾಗ, ಬಂಧವೂ ಅನ್ನಪಾನನಿರೋಧವೂ ನನ್ನಿಂದಲೇ ನಡೆದಿವೆಯೆಂಬ ಅರಿವಾಯಿತು. ಮರುದಿನ ಇಡೀ ತರಗತಿಯ ಎದುರು ಅವನ ಕ್ಷಮೆ ಕೇಳಿದೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಾನೂನು ಕೈಯನ್ನು ತಡೆಯಬಲ್ಲದು. ಕ್ರೋಧ, ಮಾನಗಳೆಂಬ ಕಷಾಯಗಳನ್ನು ಅಧ್ಯಾಪಕನೇ ಗೆಲ್ಲಬೇಕು. ಹಿಂಸೆಯ ಮೂಲ ಪ್ರಮಾದವೆಂದು ಅದೇ ಸೂತ್ರಗ್ರಂಥ ಎಚ್ಚರಿಸುತ್ತದೆ. ಮಗುವಿನ ಹಸಿವನ್ನು ವಿಚಾರಿಸದ ನನ್ನ ಅಲಕ್ಷ್ಯವೇ ಆ ಪ್ರಮಾದ.

ಹಾಗಾದರೆ ಶಿಸ್ತು ಬೇಡವೇ ಎಂದು ಕೇಳುವವರುಂಟು. ಬೇಕು. ಅಂದಿನಿಂದ ನಾನು ಮಗುವನ್ನು ಬಳಿಗೆ ಕರೆದು, “ಏಕೆ ಬರೆಯಲಾಗಲಿಲ್ಲ ಮಗು?” ಎಂದು ಮೆಲ್ಲನೆ ಕೇಳುವುದನ್ನು ರೂಢಿಸಿಕೊಂಡೆ. ಬರೆಯಬೇಕಾದುದನ್ನು ಬಿಟ್ಟುಕೊಡಲಿಲ್ಲ, ಜೊತೆಗೆ ಕುಳಿತು ಬರೆಯಿಸಿದೆ. ಒಂದು ಸಾಲು ಚೆನ್ನಾಗಿದ್ದರೆ ಮೊದಲು ಅದನ್ನೇ ಮೆಚ್ಚಿದೆ. ಭಯದಿಂದ ಹುಟ್ಟಿದ ಮೌನ ಶಿಸ್ತಲ್ಲ. ತಪ್ಪನ್ನು ತಾನಾಗಿಯೇ ಬಂದು ಹೇಳುವ ಧೈರ್ಯ ಮಗುವಿಗೆ ಬಂದರೆ, ಆ ತರಗತಿಯಲ್ಲಿ ವ್ರತಪಾಲನೆ ಆರಂಭವಾಯಿತೆಂದೇ ಅರ್ಥ.